ಮೂರನೆಯ ಬೌಲರ್

ದೀಪಾವಳಿ ಕಳೆದು ಮೈದಾನ ಒಣಗಿದ ಮೇಲೆ ದಾವಣಗೆರೆಯಲ್ಲಿ ಕ್ರಿಕೆಟ್ ಶುರುವಾಗುತ್ತಿತ್ತು. ಅದಕ್ಕೂ ಒಂದು ತಿಂಗಳು ಮೊದಲೇ ಮಾತು ಶುರು: ಯಾವ ತಂಡದಲ್ಲಿ ಹೊಸ ಚೆಂಡು ಹಾಕುವವರು ಎಷ್ಟು ಜನ, ಅವರಲ್ಲಿ ಸಂಜೆಯ ತನಕ ಉಳಿಯುವವರು ಯಾರು. ಐವತ್ತರ ದಶಕದ ಕೊನೆ. ನಾನು ಒಂದು ಹತ್ತಿ ಗಿರಣಿಯ ಆಫೀಸಿನಲ್ಲಿ ಗುಮಾಸ್ತ. ಊರು ಮಲೆಬೆನ್ನೂರು, ದಾವಣಗೆರೆಯಲ್ಲಿ ಬಾಡಿಗೆಗೆ ಒಂದು ಕೋಣೆ. ಶನಿವಾರ ಸಂಜೆ ಗಿರಣಿ ಬಿಟ್ಟು ಬಂದರೆ ಸೋಮವಾರದವರೆಗೆ ಬಾಯಿ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಒಮ್ಮೊಮ್ಮೆ ನನ್ನ ದನಿ ಹೇಗಿದೆ ಎಂದು ನೋಡಲು ಸುಮ್ಮನೆ ಕೆಮ್ಮುತ್ತಿದ್ದೆ.

ಗಿರಣಿಯ ತಂಡಕ್ಕೆ ಸ್ಕೋರ್ ಬರೆಯುವವನು ನಾನು. ಅಕ್ಷರ ದುಂಡಗಿದೆ ಎಂದು ಮೊದಲ ವಾರವೇ ಪುಸ್ತಕ ಕೈಗೆ ಕೊಟ್ಟರು, ಚೆಂಡು ಕೊಡಲಿಲ್ಲ. ಹರಿಹರದ ಹೈಸ್ಕೂಲಿನಲ್ಲಿ ಮೂರು ವರ್ಷ ಹೊಸ ಚೆಂಡು ಹಾಕಿದವನು ನಾನು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೇಳದೆ ಹೇಳಿಕೊಳ್ಳುವುದನ್ನು ನಮ್ಮ ಮನೆಯಲ್ಲಿ ಕಲಿಸಿರಲಿಲ್ಲ. ಬೆಳಗ್ಗೆ ಯಾರೂ ಬರುವ ಮುಂಚೆ ಮೈದಾನಕ್ಕೆ ಹೋಗಿ ಮೂರು ಕಡ್ಡಿ ನೆಟ್ಟು ಒಬ್ಬನೇ ಬೌಲಿಂಗ್ ಮಾಡುತ್ತಿದ್ದೆ. ಎಸೆದ ಚೆಂಡನ್ನು ತರಲು ನಾನೇ ಓಡಬೇಕು. ಬೆವರು ಮಾತ್ರ ಇಬ್ಬರಷ್ಟು ಬರುತ್ತಿತ್ತು.

ಆ ವರ್ಷ ನಮ್ಮ ಕ್ಯಾಪ್ಟನ್ ನನ್ನನ್ನು ಕರೆದರು. ಅವರು ನೂಲಿನ ಖಾತೆಯಲ್ಲಿ ಮೇಸ್ತ್ರಿ, ಒಳ್ಳೆಯ ಬ್ಯಾಟ್ಸ್‌ಮನ್, ದೊಡ್ಡ ದನಿಯ ಮನುಷ್ಯ.

“ಹರಿಹರಕ್ಕೆ ಹೋಗ್ ಬರ್ರಿ. ಅವರ ಹತ್ರ ಬೌಲರ್ಸ್ ಎಷ್ಟ್ ಜನ ಅದಾರೆ, ಹೆಂಗ್ ಅದಾರೆ ನೋಡ್ರಿ. ನಮ್ಮೋರ್ನೂ ಪಕ್ಕಕ್ಕೆ ಬರೀರಿ. ಸೆಕ್ರೆಟರಿ ಸಾಹೇಬ್ರಿಗೆ ಕೊಡ್ಬೇಕು, ನಾನೇ ಬರೆದಂಗೆ ಬರೀರಿ, ಸೈನ್ ಹಾಕ್ತೀನಿ. ನಿಮ್ಮನ್ನ ಅಲ್ಲಿ ಯಾರೂ ಗುರ್ತು ಹಿಡಿಯಲ್ಲ ಬಿಡ್ರಿ.”

ನಾನು ಓದಿದ ಊರು ಅದು. ಅವರ ಮಾತು ಸುಳ್ಳಾಗಲಿ ಎಂಬ ಆಸೆಯಿಂದಲೇ ಎರಡು ಭಾನುವಾರ ರೈಲು ಹತ್ತಿದೆ. ಹೊಳೆ ಕಡೆಯ ಮೈದಾನದಲ್ಲಿ ಅವರ ಆಟ ನೋಡುತ್ತ ಇಡೀ ದಿನ ಕೂತೆ. ಸುಳ್ಳಾಗಲಿಲ್ಲ.

ಹರಿಹರದವರ ಬಳಿ ಮೂವರಿದ್ದರು: ಎಡಗೈಯಲ್ಲಿ ಹಾಕುವ ಒಬ್ಬ ಫಿಟ್ಟರ್, ಒಬ್ಬ ಮೇಷ್ಟ್ರು, ಗುತ್ತೂರಿನಿಂದ ಸೈಕಲ್ಲಿನಲ್ಲಿ ಬರುವ ಒಬ್ಬ ಎತ್ತರದ ರೈತ. ಭಯ ಇದ್ದದ್ದು ಆ ಮೂರನೆಯವನದೇ. ಪಿಚ್ಚಿಗೆ ಹಾಸಿದ ನಾರಿನ ಮ್ಯಾಟು ಮಧ್ಯಾಹ್ನದ ಹೊತ್ತಿಗೆ ಸಡಿಲಾಗಿ ಚೆಂಡು ಎದೆಗೆ ನೆಗೆಯುತ್ತದೆ. ಆಗ ಅವನು ಬರುತ್ತಿದ್ದ. ನಮ್ಮಲ್ಲಿ ಇಬ್ಬರೇ. ಒಬ್ಬನಿಗೆ ಮಂಡಿನೋವು, ಇನ್ನೊಬ್ಬ ಊಟವಾದ ಮೇಲೆ ಬೌಲರ್ ಅಲ್ಲ, ಮಾವನ ಮನೆಗೆ ಬಂದ ಅಳಿಯ.

ಕೋಣೆಯಲ್ಲಿ ಕೂತು ಪಟ್ಟಿ ಬರೆದೆ. ಎಡಗಡೆ ಹರಿಹರದ ಮೂರು ಹೆಸರು, ಬಲಗಡೆ ನಮ್ಮ ಎರಡು. ಕೆಳಗೆ ಖಾಲಿ ಉಳಿದ ಜಾಗದಲ್ಲಿ ನನ್ನ ಹೆಸರು ಬರೆದೆ. ನಾಚಿಕೆಯಾಗಿ ಹಾಳೆ ಹರಿದೆ. ಇನ್ನೊಂದು ಹಾಳೆ ತೆಗೆದು, ಧೈರ್ಯ ಮಾಡಿ, ಸಣ್ಣ ಅಕ್ಷರದಲ್ಲಿ ‘ನಾನು’ ಎಂದು ಬರೆದೆ. ದಿನವಿಡೀ ಸಾಹೇಬರ ಪರವಾಗಿ ‘ನಾನು’ ಎಂದು ಕಾಗದ ಬರೆಯುವ ಗುಮಾಸ್ತನಿಗೆ, ಅದು ಯಾರ ‘ನಾನು’ ಆಗುತ್ತದೆಂದು ಹೊಳೆಯಬೇಕಿತ್ತು.

ಮರುದಿನ ಗೇಟಿನ ಹೊರಗಿನ ಚಹಾದಂಗಡಿಯಲ್ಲಿ ಕ್ಯಾಪ್ಟನ್ ಪಟ್ಟಿಯನ್ನು ಎಲ್ಲರೆದುರು ಜೋರಾಗಿ ಓದಿದರು. “ಮೂರನೇ ಬೌಲರ್... ನಾನು.” ನಿಂತರು. ತಮ್ಮ ಬಲಗೈಯನ್ನೊಮ್ಮೆ ತಿರುಗಿಸಿ ನೋಡಿಕೊಂಡರು. “ನಾನಾ? ನೆಟ್ಸ್‌ನಾಗೆ ಎರಡು ಓವರ್ ಹಾಕಿದ್ದು ನೋಡಿದ್ರೇನ್ರಿ?” ಮುಖವೆಲ್ಲ ನಗು. “ನೋಡಿದ್ರೇನ್ರಪಾ, ಇವ್ರ ಕಣ್ಣು ಹೆಂಗೈತೆ!” ಎಂದು ನನ್ನ ಬೆನ್ನು ತಟ್ಟಿ ಅಲ್ಲೇ ಸೈನ್ ಹಾಕಿದರು.

ಆಗ ಹೇಳಬೇಕಿತ್ತು. ಆದರೆ ಗಿರಣಿ ಸೇರಿದ ಎರಡು ವರ್ಷದಲ್ಲಿ ನನ್ನ ಬೆನ್ನು ತಟ್ಟಿದ ಮೊದಲ ಕೈ ಅದು. ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ಬಾಯಿಬಿಟ್ಟರೆ ಬಣ್ಣಗೇಡು ಎಂದು ಚಹಾ ಕುಡಿದು ಎದ್ದೆ.

ಹರಿಹರದವರೊಡನೆ ಆಟ ಬಂತು. ಊಟದ ನಂತರ ನಮ್ಮವನ ಮಂಡಿ ಕೈಕೊಟ್ಟಿತು. ಮ್ಯಾಟು ಸಡಿಲಾಗಿತ್ತು, ನಾನು ಬೆಳಗ್ಗೆ ಬೆಳಗ್ಗೆ ಒಬ್ಬನೇ ಚೆಂಡು ಹಾಕುತ್ತ ಕಾದಿದ್ದು ಅಂಥದೇ ಹೊತ್ತಿಗೆ. ಕ್ಯಾಪ್ಟನ್ ಚೆಂಡು ಕೈಗೆತ್ತಿಕೊಂಡರು. ಅವರ ಒಂದೊಂದು ಚೆಂಡೂ ಬೌಂಡರಿಗೆ ಹೋಗುವುದನ್ನು ದುಂಡಗೆ ಬರೆಯುತ್ತ ಹೋದೆ.

ಸೋತ ಮೇಲೆ ಅವರು ಬಂದು ನನ್ನ ಪಕ್ಕದ ಬೆಂಚಿನಲ್ಲಿ ಕುಸಿದರು. ಸಿಟ್ಟಿರಲಿಲ್ಲ, ಸುಸ್ತಾಗಿದ್ದರು.

“ಇನ್ನೊಬ್ಬ ಇದ್ದಿದ್ರೆ ಗೆಲ್ತಿದ್ವಿ. ನಮ್ಮ ಹತ್ರ ಯಾರೂ ಇರ್ಲಿಲ್ಲ ನೋಡ್ರಿ.”

“ಹೌದ್ರಿ, ಯಾರೂ ಇರ್ಲಿಲ್ಲ” ಎಂದೆ.