ಸಜಿ ಇಟ್ಟ ಪಾಸ್‌ವರ್ಡ್

2023ರ ಕೊನೆಯ ಹೊತ್ತಿಗೆ ನಾನು ದೂರವಾಣಿ ಇಲಾಖೆಯಿಂದ ನಿವೃತ್ತನಾಗಿ ಮೂರು ವರ್ಷ ಕಳೆದಿತ್ತು. ಅದಕ್ಕೂ ಹಿಂದೆ ಮೂವತ್ತಮೂರು ವರ್ಷ ಪುತ್ತೂರು, ಸುಳ್ಯ, ಕಡಬದ ಊರೂರುಗಳಲ್ಲಿ ಮೊದಲು ಲೈನ್‌ಮನ್ ಆಗಿ, ಆಮೇಲೆ ಮೆಕ್ಯಾನಿಕ್ ಆಗಿ ಕಂಬ ಹತ್ತಿದವನು ನಾನು. ನಿವೃತ್ತಿಯ ನಂತರ ಐವರ್ನಾಡಿನ ಮನೆಯಲ್ಲಿ ಸುಮ್ಮನೆ ಕೂರಲಾಗದೆ ಫೈಬರ್ ಇಂಟರ್ನೆಟ್ ಹಾಕುವ ಕೆಲಸವನ್ನು ಗುತ್ತಿಗೆಗೆ ಹಿಡಿದಿದ್ದೆ. ಫೈಬರ್ ಎಂದರೆ ಕೂದಲೆಳೆಯಷ್ಟು ಸಣ್ಣ ಗಾಜಿನ ತಂತಿ. ಅದರೊಳಗೆ ಬೆಳಕಿನ ರೂಪದಲ್ಲಿ ಬಂದ ಇಂಟರ್ನೆಟ್ಟನ್ನು ರೂಟರ್ ಎಂಬ ಡಬ್ಬಿ ವೈಫೈ ಮಾಡಿ ಮನೆಯೊಳಗೆ ಹಂಚುತ್ತದೆ. ಕಂಬ ಹೋಗಿ ಡಬ್ಬಿ ಬಂದರೂ ಊರಿನವರಿಗೆ ನಾನು ಈಗಲೂ ಟೆಲಿಫೋನ್ ವಿಠಲಣ್ಣ.

ಆ ವರ್ಷ ನನ್ನ ನಿದ್ದೆ ಕೆಡಿಸಿದವನು ಸಜಿ. ನೆಲ್ಯಾಡಿ ಕಡೆಯವನು, ಅಜ್ಜನ ಕಾಲದಲ್ಲಿ ಕೇರಳದಿಂದ ಬಂದು ರಬ್ಬರ್ ಹಾಕಿದ ಕುಟುಂಬ. ನನಗಿಂತ ಹದಿನೈದು ವರ್ಷ ಚಿಕ್ಕವನು. ಮಾಡಿನ ಮೇಲೆ ಡಿಶ್ ಆಂಟೆನಾ ತಿರುಗಿಸಿಕೊಂಡಿದ್ದವನು ಬೇರೊಂದು ಖಾಸಗಿ ಕಂಪನಿಯ ಇಂಟರ್ನೆಟ್ ಹಾಕಲು ಶುರುಮಾಡಿ, ಎರಡೇ ವರ್ಷದಲ್ಲಿ ನನ್ನ ಹಳೆಯ ಗಿರಾಕಿಗಳಲ್ಲಿ ಅರ್ಧ ಜನರನ್ನು ತನ್ನ ಕಡೆಗೆ ಮಾಡಿಕೊಂಡ. ಹೇಗೆ ಎಂದು ಯಾರನ್ನು ಕೇಳಿದರೂ ಒಂದೇ ಹಾಡು. ಸಜಿ ಫೋನ್ ಮಾಡಿದ ಕೂಡಲೇ ಎತ್ತುತ್ತಾನೆ, ಸಜಿ ಹೇಳಿದ ಗಂಟೆಗೆ ಬರುತ್ತಾನೆ, ಸಜಿ ಕೆಲಸ ಮುಗಿಸಿ ತಂತಿಯ ಚೂರುಗಳನ್ನು ಗುಡಿಸಿ ಹೋಗುತ್ತಾನೆ. ಗುಡಿಸುವುದೂ ಒಂದು ವಿದ್ಯೆಯೇ? ನನ್ನ ಹೆಂಡತಿ ಕೂಡ ಒಮ್ಮೆ, ಅವನ ಹಾಗೆ ನೀವೂ ಗುಡಿಸಿದರೆ ಆಗುವುದಿಲ್ಲವಾ ಎಂದು ಕೇಳಿದಳು. ಆ ದಿನ ನಾನು ಊಟ ಬಿಟ್ಟೆ.

ಇದಕ್ಕೆ ಬೇರೆ ಹೆಸರು ಕೊಡುವುದು ಬೇಡ, ಅದು ಶುದ್ಧ ಹೊಟ್ಟೆಕಿಚ್ಚು. ಸಜಿ ತಾನು ಹಾಕಿದ ಪ್ರತಿ ರೂಟರ್ ಮೇಲೆ ತನ್ನ ಹೆಸರು, ನಂಬರ್ ಇರುವ ಕೆಂಪು ಸ್ಟಿಕ್ಕರ್ ಅಂಟಿಸುತ್ತಿದ್ದ. ಯಾರದೋ ಮನೆಗೆ ಪೂಜೆಯ ಊಟಕ್ಕೆ ಹೋದರೂ ನನ್ನ ಕಣ್ಣು ಮೊದಲು ಹೋಗುತ್ತಿದ್ದದ್ದು ಗೋಡೆಯ ಆ ಕೆಂಪು ಚೂರಿಗೆ. ಕಂಡರೆ ಪಾಯಸ ರುಚಿಸುತ್ತಿರಲಿಲ್ಲ.

ಡಿಸೆಂಬರಿನ ಒಂದು ಶುಕ್ರವಾರ ಬೆಳಿಗ್ಗೆ ಇಚಿಲಂಪಾಡಿಯಿಂದ ಸೀತಾರಾಮಣ್ಣ ಫೋನ್ ಮಾಡಿದರು. ಮದುವೆ, ಗೃಹಪ್ರವೇಶಗಳಿಗೆ ಅಡುಗೆ ಮಾಡುವವರು. ಅವರ ಮನೆಗೆ ಹನ್ನೊಂದು ಕಂಬ ನೆಟ್ಟು ಮೊದಲ ಲ್ಯಾಂಡ್‌ಲೈನ್ ಎಳೆದವನು ನಾನು. ಹಾಗಿದ್ದೂ ಹಿಂದಿನ ವರ್ಷ ಸಜಿಯ ಇಂಟರ್ನೆಟ್ ಹಾಕಿಸಿಕೊಂಡಿದ್ದರು. ನನ್ನ ಫೈಬರ್ ಅಲ್ಲಿಯವರೆಗೆ ಮುಟ್ಟುತ್ತಿರಲಿಲ್ಲ ಎಂಬುದು ನಿಜ. ಆದರೂ ಒಂದು ಮಾತು ಹೇಳಬಹುದಿತ್ತಲ್ಲ. ಈಗ ಮನೆಗೆ ಸ್ಮಾರ್ಟ್ ಸ್ಪೀಕರ್ ತರಿಸಿದ್ದೇವೆ, ವೈಫೈಗೆ ಸೇರಿಸಿ ಕೊಡಬೇಕು, ಇವತ್ತೇ ಆಗಬೇಕು ಎಂದರು. ಕೊನೆಗೂ ದಾರಿಗೆ ಬಂದರು ಎಂದು ಒಳಗೊಳಗೇ ಹಿಗ್ಗಿ, ಇಸ್ತ್ರಿ ಅಂಗಿ ಹಾಕಿಕೊಂಡು ಬೈಕ್ ಹತ್ತಿದೆ.

ಆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಹೆಂಡತಿ ಲೀಲಕ್ಕ ಕಡಬದಲ್ಲಿ ಇಪ್ಪತ್ತು ವರ್ಷ ರವಿಕೆ ಹೊಲಿದವರು. ಸಂಧಿವಾತದಿಂದ ಎರಡೂ ಕೈಯ ಬೆರಳುಗಳು ಸೊಟ್ಟಗಾಗಿ, ವರ್ಷದಿಂದ ಹಿಡಿತವೇ ಹೋಗಿತ್ತು. ನಡೆದಾಡುತ್ತಾರೆ, ಮೊಣಕೈಯಿಂದ ಬಾಗಿಲು ತಳ್ಳುತ್ತಾರೆ, ಕೈಗೆ ಚಮಚ ಕಟ್ಟಿಕೊಂಡು ಉಣ್ಣುತ್ತಾರೆ. ಆದರೆ ಮೊಬೈಲ್ ಹಿಡಿಯಲು ಆಗುವುದಿಲ್ಲ. ಹಾಗಾಗಿ ಸೀತಾರಾಮಣ್ಣ ಅಡುಗೆಗೆ ಹೋಗುವ ದಿನಗಳಲ್ಲಿ ಅವರ ಅಕ್ಕ ಬಂದು ಕಾವಲು ಕೂರುತ್ತಿದ್ದರು. ಸ್ಮಾರ್ಟ್ ಸ್ಪೀಕರ್‌ಗೆ ಬಾಯಲ್ಲಿ ಹೇಳಿದರೆ ಸಾಕು, ತನ್ನದೇ ಆಪ್ ಇರುವ ಮೊಬೈಲುಗಳಿಗೆ ಕರೆ ಮಾಡುತ್ತದೆ. ಮರುದಿನ ಸೀತಾರಾಮಣ್ಣನಿಗೆ ಪುತ್ತೂರಿನಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಅಡುಗೆ. ಸ್ಪೀಕರ್ ಸರಿಯಾಯಿತೋ ಲೀಲಕ್ಕ ಒಬ್ಬರೇ ಇರುವುದು, ಇಲ್ಲದಿದ್ದರೆ ಅಕ್ಕನನ್ನು ಕರೆಸುವುದು ಎಂದು ಗಂಡ ಹೆಂಡತಿಯ ನಡುವೆ ಒಪ್ಪಂದವಾಗಿತ್ತು.

ಒಬ್ಬರೇ ಇರಲು ಹೆದರಿಕೆ ಆಗುವುದಿಲ್ಲವೇ ಎಂದು ನಾನು ಕೇಳಿದೆ. ಲೀಲಕ್ಕ ಅತ್ತಿಗೆಯನ್ನು ದೂರಲಿಲ್ಲ, ಒಳ್ಳೆಯವರೇ ಎಂದರು. ಆಮೇಲೆ ಹೇಳಿದರು: “ಒಂದು ವರ್ಷದಿಂದ ಯಾರಾದ್ರು ಒಬ್ರು ನನ್ನನ್ನು ನೋಡ್ತಾನೇ ಇರ್ತಾರೆ ವಿಠಲಣ್ಣ. ಒಂದು ದಿನ ನನ್ನನ್ನು ಯಾರೂ ನೋಡ್ಬಾರ್ದು.”

ಆ ಮಾತಿಗೆ ನನ್ನ ಮನಸ್ಸು ಕರಗಿತ್ತು. ಅಷ್ಟರಲ್ಲಿ ಸೀತಾರಾಮಣ್ಣ ಚಹಾ ತಂದಿಟ್ಟು, ಸ್ಪೀಕರ್ ತರಿಸಿ ಕೊಟ್ಟದ್ದೇ ಸಜಿ ಎಂದರು. ಅವನಿಗೆ ಕೊಲ್ಲಮೊಗ್ರುವಿನಲ್ಲಿ ಎರಡು ದಿನದ ಕೆಲಸ, ಭಾನುವಾರ ಬರುತ್ತೇನೆ ಎಂದ, ನಮಗೆ ಶನಿವಾರವೇ ಬೇಕಲ್ಲ, ಅದಕ್ಕೆ ನಿಮ್ಮನ್ನು ಕರೆದದ್ದು ಎಂದೂ ಸೇರಿಸಿದರು. ಅಂದರೆ ನಾನು ಬದಲಿ ಆಳು! ಮೈಯೆಲ್ಲ ಉರಿಯಿತು. ಚಹಾ ಕುಡಿಯುತ್ತ ಲೀಲಕ್ಕನಿಗೆ ಬೆನ್ನುಹಾಕಿ ರೂಟರಿನ ಪಕ್ಕ ನಿಂತಿದ್ದವನು, ಸೀತಾರಾಮಣ್ಣ ಒಳಗೆ ಹೋದದ್ದೇ ತಡ, ಆ ಕೆಂಪು ಸ್ಟಿಕ್ಕರನ್ನು ಉಗುರಿನಿಂದ ಕೆರೆದು ಕಿತ್ತು ಕಿಸೆಗೆ ಹಾಕಲು ನೋಡಿದೆ. ಅದು ಚೂರು ಚೂರಾಗಿ ಬಂತು. ಅರುವತ್ತಮೂರು ವರ್ಷದ ಮನುಷ್ಯ ಮಾಡುವ ಕೆಲಸ ಅದಲ್ಲ, ಆದರೆ ಕೆರೆಯುವಾಗ ಬಹಳ ಸುಖವಾಯಿತು.

ಕೆಲಸ ದೊಡ್ಡದೇನಲ್ಲ. ಸೀತಾರಾಮಣ್ಣನ ಮೊಬೈಲಿಗೆ ಸ್ಪೀಕರಿನ ಆಪ್ ಹಾಕಬೇಕು, ಅದರಲ್ಲಿ ಮನೆಯ ವೈಫೈ ಹೆಸರು ಆರಿಸಿ ಪಾಸ್‌ವರ್ಡ್ ಬರೆಯಬೇಕು, ಮುಗಿಯಿತು. ಪಾಸ್‌ವರ್ಡ್ ಎಂತ ಎಂದು ಕೇಳಿದೆ. ಸಜಿ ತನ್ನ ಭಾಷೆಯ ಮಳೆಯನ್ನು ಇಟ್ಟಿದ್ದಾನೆ, ಆಮೇಲೆ ಒಂದರಿಂದ ಐದು ಎಂದರು ಸೀತಾರಾಮಣ್ಣ. ಬರೆದುಕೊಂಡಿರಲಿಲ್ಲ. ಅವರ ಮೊಬೈಲಿಗೆ ಸಜಿಯೇ ಹಾಕಿಕೊಟ್ಟದ್ದರಿಂದ ಬರೆಯುವ ಅಗತ್ಯವೇ ಬಂದಿರಲಿಲ್ಲ. ಹೊಸ ಮೊಬೈಲಾಗಿದ್ದರೆ ಸೆಟ್ಟಿಂಗಿನ ಒಳಗೆ ಹೋಗಿ ನೋಡಿಕೊಳ್ಳಬಹುದಿತ್ತು, ಅವರ ಹಳೆಯದರಲ್ಲಿ ಬರೀ ಚುಕ್ಕೆಗಳು ಕಾಣುತ್ತಿದ್ದವು.

ಮಲಯಾಳದಲ್ಲಿ ಮಳೆಗೆ ಏನು ಹೇಳುತ್ತಾರೆ ಎಂದು ಸುಳ್ಯ ತಾಲೂಕಿನಲ್ಲಿ ಹುಟ್ಟಿದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸುಮಾರಾಗಿ ‘ಮಳ’ ಎಂದ ಹಾಗೆ. ಕೊನೆಯ ಅಕ್ಷರ ಮಾತ್ರ ನಾಲಿಗೆಯನ್ನು ಮಡಚಿ ಆಡುವಂಥದ್ದು, ಳ ಎನ್ನಲೂ ಆಗದು, ಯ ಎನ್ನಲೂ ಆಗದು. ಕಿವಿಗೆ ಗೊತ್ತು, ಬಾಯಿಗೂ ಸುಮಾರು ಬರುತ್ತದೆ. ಆದರೆ ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಹೇಗೆ ಬರೆಯುವುದು? ಎಲ್ ಹಾಕಿದೆ. ಎಲ್ ಎಚ್ ಹಾಕಿದೆ. ಎರಡು ಎಲ್ ಹಾಕಿದೆ, ಆರ್ ಹಾಕಿದೆ, ವೈ ಹಾಕಿದೆ. ದೊಡ್ಡ ಅಕ್ಷರ, ಸಣ್ಣ ಅಕ್ಷರ ಎಲ್ಲ ಸೇರಿ ಹದಿನಾಲ್ಕು ಸಲ ಪ್ರಯತ್ನಿಸಿದೆ. ಹದಿನಾಲ್ಕು ಸಲವೂ ಪಾಸ್‌ವರ್ಡ್ ತಪ್ಪು ಎಂದೇ ಬಂತು.

ಸಜಿಗೆ ಒಂದು ಫೋನ್ ಮಾಡಿ ಕೇಳುವ ಎಂದರು ಸೀತಾರಾಮಣ್ಣ. ಬೇಡವೇ ಬೇಡ ಎಂದೆ. ಅವನು ರೂಟರ್ ಸೆಟ್ಟಿಂಗ್ ಮಾಡಿದ್ದೇ ಸರಿ ಇಲ್ಲ, ಎಲ್ಲ ಅಳಿಸಿ ಹೊಸದಾಗಿ ಮಾಡಬೇಕು ಎಂದು ಹಸಿ ಸುಳ್ಳು ಹೇಳಿಬಿಟ್ಟೆ.

ಪ್ರತಿ ರೂಟರಿನ ಹಿಂದೆ ಸೂಜಿ ಹೋಗುವಷ್ಟು ಸಣ್ಣ ತೂತಿನೊಳಗೆ ರೀಸೆಟ್ ಗುಂಡಿ ಇರುತ್ತದೆ. ಹತ್ತು ಸೆಕೆಂಡು ಒತ್ತಿ ಹಿಡಿದರೆ ರೂಟರ್ ಅಂಗಡಿಯಿಂದ ಬಂದ ದಿನದ ಸ್ಥಿತಿಗೆ ಹೋಗುತ್ತದೆ. ವೈಫೈ ಪಾಸ್‌ವರ್ಡ್ ಅಳಿಯುತ್ತದೆ, ಜೊತೆಗೆ ಕಂಪನಿ ಆ ಮನೆಗೆ ಕೊಟ್ಟ ಲಾಗಿನ್ ಹೆಸರು, ಗುಪ್ತಪದವೂ ಅಳಿಯುತ್ತದೆ. ಅದಿಲ್ಲದೆ ಇಂಟರ್ನೆಟ್ ಬರುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಕಂಪನಿಯ ಕಚೇರಿಗೆ ಕೇಳಿದರೆ ಕೊಡುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಸಜಿ ಬರೆದದ್ದೆಲ್ಲ ಆ ಮನೆಯಿಂದ ಅಳಿಸಿಹೋಗಲಿ ಎಂಬ ಆಸೆಯಿಂದಲೇ ಒತ್ತಿದೆ.

ದೀಪಗಳು ಆರಿ ಮತ್ತೆ ಹತ್ತಿದವು. ಈ ಬಾರಿ ಡಬ್ಬಿಯ ತಳದಲ್ಲಿ ಅಚ್ಚಾದ ಪಾಸ್‌ವರ್ಡ್ ಹಾಕಿದ ಕೂಡಲೇ ಸ್ಪೀಕರ್ ವೈಫೈಗೆ ಸೇರಿಕೊಂಡಿತು. ನಾನು ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಅದರ ನೆತ್ತಿಯ ದೀಪ ಕೆಂಪಾಯಿತು, ಇಂಟರ್ನೆಟ್ ಇಲ್ಲ ಎಂದು ಅದರೊಳಗಿನ ಇಂಗ್ಲಿಷ್ ಹೆಂಗಸು ಸಮಾಧಾನದಿಂದ ಹೇಳಿದಳು. ಕಚೇರಿಗೆ ಫೋನ್ ಮಾಡೋಣವೆಂದರೆ ಮೊಬೈಲಿನಲ್ಲಿ ಒಂದು ಕಡ್ಡಿಯೂ ಇಲ್ಲ. ಆ ಮನೆಯಲ್ಲಿ ರೇಂಜ್ ಸಿಗುವುದೇ ಇಲ್ಲವಂತೆ, ಮೊಬೈಲ್ ಕರೆಗಳೂ ವೈಫೈಯ ಮೇಲೆಯೇ ನಡೆಯುತ್ತಿದ್ದವಂತೆ. ಸ್ಪೀಕರ್ ಸರಿಮಾಡಲು ಬಂದ ನಾನು ಮನೆಯ ಫೋನನ್ನೂ ಕೊಂದಿದ್ದೆ. ಅರ್ಧ ಕಿಲೋಮೀಟರ್ ಬೈಕಿನಲ್ಲಿ ಹೋಗಿ ರಸ್ತೆಯ ತಿರುವಿನಲ್ಲಿ ನಿಂತು ಕಚೇರಿಗೆ ಫೋನ್ ಮಾಡಿದೆ. ಸಂಪರ್ಕ ಕೊಟ್ಟ ಟೆಕ್ನೀಷಿಯನ್ ಕೇಳಿದರೆ ಮಾತ್ರ ಲಾಗಿನ್ ಕೊಡುವುದು ಎಂದು ಅಲ್ಲಿನ ಹುಡುಗಿ ಮೂರು ಸಲ ಹೇಳಿದಳು.

ವಾಪಸ್ಸು ಬರುವಾಗ ಗಂಟೆ ನಾಲ್ಕು. ಸೀತಾರಾಮಣ್ಣ ಅಂಗಿ ಬದಲಾಯಿಸಿ ಅಂಗಳದಲ್ಲಿ ನಿಂತಿದ್ದರು. ಇನ್ನು ಕಾದು ಕೂತರೆ ಆಗುವುದಿಲ್ಲ, ಅಕ್ಕನನ್ನು ಕರೆದುಕೊಂಡು ಬರುತ್ತೇನೆ ಎಂದು ಸ್ಕೂಟರ್ ಹತ್ತಿ ಹೋದರು. ಲೀಲಕ್ಕ ಸೋಫಾದಲ್ಲಿ ಕೂತು ಮಡಿಲಲ್ಲಿದ್ದ ತನ್ನ ಕೈಗಳನ್ನೇ ನೋಡುತ್ತಿದ್ದರು. ನನಗೆ ಅವರ ಮುಖ ನೋಡಲು ಆಗಲಿಲ್ಲ, ರೂಟರ್ ನೋಡುವ ನಾಟಕ ಮಾಡಿದೆ. ಅಲ್ಲಿ ಸ್ಟಿಕ್ಕರ್ ಇದ್ದ ಜಾಗದಲ್ಲಿ ಬರೀ ಅಂಟು ಉಳಿದಿತ್ತು.

ಹಿಂದಿನಿಂದ ಲೀಲಕ್ಕ ಒಂದು ಮೊಬೈಲ್ ನಂಬರ್ ಹೇಳಿದರು. ನಿಧಾನವಾಗಿ, ಹತ್ತು ಅಂಕೆ. ಬರೆದಿಡಲು ಕೈಯಿಲ್ಲದ್ದರಿಂದ ಬೇಕಾದ ನಂಬರುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದರಂತೆ.

“ಸಜಿದು. ನೀವು ಕೆರೆದದ್ದು ನಾನು ನೋಡಿದ್ದೇನೆ,” ಎಂದರು. “ಅವರು ಅತ್ತಿಗೆಯನ್ನು ಕರ್ಕೊಂಡು ಬರ್ಲಿಕ್ಕೆ ಒಂದು ಗಂಟೆ ಉಂಟು.”

ಕಾಲ ಕೆಳಗಿನ ನೆಲ ಬಾಯಿಬಿಡಬಾರದೇ ಎನಿಸಿತು. ಬೈಕ್ ಹತ್ತಿ ಮತ್ತೆ ಅದೇ ತಿರುವಿಗೆ ಹೋದೆ. ಫೋನ್ ಒಂದೇ ರಿಂಗಿಗೆ ಎತ್ತಿದ, ಎತ್ತದೆ ಇರುತ್ತಾನೆಯೇ! ಅದಕ್ಕೂ ನನಗೆ ಒಂದು ಕ್ಷಣ ಉರಿಯಿತು. ನಾನು ಟೆಲಿಫೋನ್ ವಿಠಲ ಎಂದು ಶುರುಮಾಡಿದೆ.

“ಗೊತ್ತುಂಟು ವಿಠಲಣ್ಣ, ನಿಮ್ಮ ನಂಬರ್ ಸೇವ್ ಉಂಟು. ಹೇಳಿ,” ಎಂದ.

ಹೇಳಿದೆ. ಪಾಸ್‌ವರ್ಡ್ ಹೊಂದದೆ ರೀಸೆಟ್ ಒತ್ತಿದೆ, ಲಾಗಿನ್ ಹೋಯಿತು ಎಂದೆ. ಒತ್ತುವ ಮೊದಲು ಯಾಕೆ ಕೇಳಲಿಲ್ಲ ಎಂದು ಅವನು ಕೇಳಬಹುದು, ಕೇಳಿದರೆ ಜಗಳ ಮಾಡುವುದು ಎಂದು ಹಲ್ಲು ಕಚ್ಚಿಕೊಂಡು ನಿಂತಿದ್ದೆ. ಅವನು ಕೇಳಲೇ ಇಲ್ಲ. ಕೊಲ್ಲಮೊಗ್ರುವಿನಲ್ಲಿ ಏಣಿಯ ಮೇಲೆ ಇದ್ದವನು ಇಳಿದು, ತನ್ನ ಪುಸ್ತಕ ತೆರೆದು, ಆ ಮನೆಯ ಲಾಗಿನ್ ಹೆಸರು, ಗುಪ್ತಪದ ಒಂದೊಂದೇ ಅಕ್ಷರ ಹೇಳಿದ. ನಾನು ಬರುವಾಗ ಕಿಸೆಗೆ ಹಾಕಿಕೊಂಡಿದ್ದ ಸ್ಪೀಕರ್ ಡಬ್ಬಿಯ ರಟ್ಟಿನ ಚೂರಿನ ಮೇಲೆ ಬರೆದುಕೊಂಡೆ. ಎರಡು ಸಲ ನನ್ನಿಂದ ಓದಿಸಿದ. ವೈಫೈಯಲ್ಲಿ 2.4 ಗಿಗಾಹರ್ಟ್ಜ್, 5 ಗಿಗಾಹರ್ಟ್ಜ್ ಎಂದು ಎರಡು ತರಂಗಗಳಿರುತ್ತವೆ. ಮೊದಲನೆಯದು ನಿಧಾನ, ಆದರೆ ಗೋಡೆ ದಾಟುತ್ತದೆ, ಈ ಸ್ಪೀಕರ್ ಅದನ್ನೇ ಹಿಡಿಯುವುದು ಎಂದೂ ತಿಳಿಸಿದ. ನನಗೆ ಗೊತ್ತಿದ್ದದ್ದೇ. ಆದರೂ ಹೂಂ ಎಂದೆ. ಕೊನೆಗೆ ತಡೆಯಲಾಗದೆ, ಮಾರಾಯ, ಆ ಮಳೆಯನ್ನು ಇಂಗ್ಲಿಷಿನಲ್ಲಿ ಹೇಗೆ ಬರೆದದ್ದು ಎಂದು ಕೇಳಿದೆ.

“ಕೋಝಿಕೋಡ್ ಬಸ್ಸಿನ ಬೋರ್ಡ್ ನೋಡಿಲ್ವಾ ವಿಠಲಣ್ಣ? ಆ ಅಕ್ಷರಕ್ಕೆ ಝಡ್, ಎಚ್. ನಮ್ಮವರು ಹಾಗೆಯೇ ಬರೆಯುದು.”

ನೂರಾರು ಸಲ ನೋಡಿದ ಬೋರ್ಡು. ಹದಿನಾಲ್ಕು ಪ್ರಯತ್ನದಲ್ಲಿ ಒಮ್ಮೆಯೂ ಝಡ್ ನೆನಪಿಗೆ ಬಂದಿರಲಿಲ್ಲ.

ಮನೆಗೆ ಬಂದು ಲಾಗಿನ್ ಬರೆದೆ, ವೈಫೈಗೆ ಸಜಿಯದೇ ಪಾಸ್‌ವರ್ಡ್ ವಾಪಸ್ಸು ಇಟ್ಟೆ. ಅಷ್ಟು ಹೊತ್ತಿಗೆ ಸೀತಾರಾಮಣ್ಣ ಅಕ್ಕನನ್ನು ಹಿಂದೆ ಕೂರಿಸಿಕೊಂಡು ಬಂದೇಬಿಟ್ಟರು. ಅವರ ಮೊಬೈಲಿನ ಆಪ್ ತೆರೆದು ಸ್ಪೀಕರನ್ನು ಸೇರಿಸಿದೆ, ದೀಪ ನೀಲಿಯಾಯಿತು. ಕರೆ ಮಾಡಲು ಮೂರು ಹೆಸರು ಹಾಕಿದೆವು: ಗಂಡನದು, ಪಕ್ಕದ ಮನೆಯದು, ಮತ್ತೆ ಲೀಲಕ್ಕ ಹೇಳಿದ್ದಕ್ಕೆ ಸಜಿಯದು. ಪರೀಕ್ಷೆಗೆ ಒಂದು ಕರೆ ಮಾಡಿ ಎಂದೆ. ಲೀಲಕ್ಕ ಹೊಲಿಗೆಯ ಅಳತೆ ಹೇಳುವಷ್ಟು ಸ್ಪಷ್ಟವಾಗಿ, ಸಜಿಗೆ ಕರೆ ಮಾಡು ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅವನ ಸ್ವರ ಇಡೀ ಚಾವಡಿಗೆ ಕೇಳಿತು.

ಲೀಲಕ್ಕ ಮಾತಾಡುವ ಮೊದಲೇ ಸೀತಾರಾಮಣ್ಣ ಬಾಯಿ ಹಾಕಿದರು. “ಎಂತ ಸಜಿ, ನೀನು ರೂಟರ್ ಸೆಟ್ಟಿಂಗ್ ಮಾಡಿದ್ದೇ ಸರಿ ಇರ್ಲಿಲ್ಲ ಅಂತಲ್ಲ, ವಿಠಲಣ್ಣ ಹೇಳಿದ್ರು. ಮಧ್ಯಾಹ್ನ ಇಡೀ ಫೋನ್ ಇಲ್ಲದೆ ಕೂತಿದ್ದೇವೆ.”

ಲೀಲಕ್ಕ ನನ್ನನ್ನೇ ನೋಡುತ್ತಿದ್ದರು. ಸ್ಪೀಕರ್ ಎರಡು ಕ್ಷಣ ಸುಮ್ಮನಿತ್ತು.

“ಹೌದು ಸೀತಾರಾಮಣ್ಣ, ತಪ್ಪು ನಂದೇ,” ಎಂದ ಸಜಿ. “ವಿಠಲಣ್ಣ ಇದ್ದದ್ದಕ್ಕೆ ಸರಿ ಆಯ್ತು.”

ಸೀತಾರಾಮಣ್ಣ ನನ್ನ ಬೆನ್ನು ತಟ್ಟಿದರು, ಹಳಬರ ಕೆಲಸ ಹಳಬರದ್ದೇ ಎಂದರು. ನಾನು ಬಾಯಿಬಿಡಬೇಕಿತ್ತು, ಬಿಡಲಿಲ್ಲ. ಅಕ್ಕನನ್ನು ಅವತ್ತೇ ವಾಪಸ್ಸು ಬಿಟ್ಟು ಬಂದರು. ಮರುದಿನ ಲೀಲಕ್ಕ ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ಒಬ್ಬರೇ ಇದ್ದರು. ಸ್ಪೀಕರಿನಿಂದ ಯಾರಿಗೂ ಒಂದು ಕರೆ ಕೂಡ ಮಾಡಲಿಲ್ಲ. ಏನು ಮಾಡಿದಿರಿ ಎಂದು ಆಮೇಲೊಮ್ಮೆ ಕೇಳಿದೆ. ಏನೂ ಇಲ್ಲ, ಸುಮ್ಮನೆ ಮನೆಯೊಳಗೆ ನಡೆದೆ ಎಂದು ನಕ್ಕರು.

ಬೇರೆಯವನು ಮಾಡಿದ ಕೆಲಸದ ಮೇಲೆ ಕೈಯಿಡುವ ಮೊದಲು ಅವನನ್ನೇ ಕೇಳಬೇಕು ಎಂಬುದನ್ನು ಈ ವೃತ್ತಿ ನನಗೆ ಕಲಿಸಿತು, ನಿವೃತ್ತಿಯಾದ ಮೂರು ವರ್ಷದ ನಂತರ. ನಿಜವಾದ ವಿಷಯವನ್ನು ಸೀತಾರಾಮಣ್ಣನಿಗೆ ಹೇಳಲು ನನಗೆ ಮತ್ತೂ ನಾಲ್ಕು ತಿಂಗಳು ಬೇಕಾಯಿತು. ಸಜಿಯ ಮೇಲಿನ ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಿದರೆ, ಇಲ್ಲ. ಅವನಿಗೆ ಹೆಚ್ಚು ಗಿರಾಕಿಗಳಿದ್ದಾರೆ ಎಂದು ಈಗ ಉರಿಯುವುದಿಲ್ಲ. ಅವನ ಜಾಗದಲ್ಲಿ ನಾನಿದ್ದು, ನನ್ನ ಜಾಗದಲ್ಲಿ ಅವನಿದ್ದಿದ್ದರೆ, ಆ ಎರಡು ಕ್ಷಣದಲ್ಲಿ ನಾನು ತಪ್ಪು ನಂದೇ ಎಂಬ ಮಾತು ಹೇಳುತ್ತಿರಲಿಲ್ಲ. ಅದಕ್ಕೆ ಉರಿಯುತ್ತದೆ.