ಪೈರಿನಲ್ಲಿ ಮರೆಯಾದ ಸಿಪಾಯಿ

ಮೊನ್ನೆ ಕರಿಬೇವಿನ ಬುಡ ಸಡಿಲಿಸುವಾಗ ಕೈಗೆ ಸಿಕ್ಕಿದ್ದನ್ನು ಮಣ್ಣಹೆಂಟೆಯೆಂದು ಎಸೆಯುವುದರಲ್ಲಿದ್ದೆ. ತೊಳೆದರೆ ಪುಟ್ಟ ಮೂಗು, ಸೊಂಟಕ್ಕೊಂದು ನಗಾರಿ... ಸುಟ್ಟ ಮಣ್ಣಿನ ಸಿಪಾಯಿ, ಮೈಯೆಲ್ಲ ಹಸಿರು, ಕಂದು ಮಚ್ಚೆ.

ಕೊರೊನಾ ಮುಗಿದ ವರ್ಷ ದೊಡ್ಡಬಳ್ಳಾಪುರದ ನಮ್ಮ ಮಹಡಿಮನೆಗೆ ಒಬ್ಬರು ಬಾಡಿಗೆಗೆ ಬಂದಿದ್ದರು. ಮಿಲಿಟರಿಯಿಂದ ನಿವೃತ್ತರಾದವರು, ಒಂಟಿ. ಹಗಲಲ್ಲೂ ಪರದೆ ಎಳೆದಿರುತ್ತಿತ್ತು. ಬಾಗಿಲ ಸಂದಿಯಿಂದ ಟರ್ಪೆಂಟೈನ್ ವಾಸನೆ. ಆಗಾಗ ಕೊರಿಯರ್‌ನಲ್ಲಿ ಏನೋ ಪೊಟ್ಟಣ. 'ಪರದೆ ಹಾಕ್ಕೊಂಡು ಏನ್ ಮಾಡ್ತಾನೆ ಅಂತ ಕೇಳ್ಬಾರ್ದಾ?' ಎಂದು ಎದುರುಮನೆಯವರು ಅತ್ತೆಯನ್ನು ಕೆಣಕುತ್ತಿದ್ದರು.

ಕಾಫಿ ಕೊಡುವ ನೆಪದಲ್ಲಿ ಇಣುಕಿದೆ. ಮೇಜಿನ ಮೇಲೆ ಬೆರಳುದ್ದದ ಸೈನಿಕರು, ಭೂತಗನ್ನಡಿ, ಕೂದಲೆಳೆಯಂಥ ಕುಂಚ. ಗೆರೆ ದಾಟದೆ ಬಣ್ಣ ತುಂಬುವುದನ್ನು ಕಾನ್ವೆಂಟಿನಲ್ಲಿ ಕಲಿತವಳು ನಾನು. ಅವರು ಗೆರೆಯೇ ಕಾಣದ ಹಾಗೆ ಬಳಿಯುತ್ತಿದ್ದರು.

ಇದನ್ನು ಕೇಳಿದ ಅತ್ತೆ, ತವರಿನಿಂದ ತಂದ ದಸರಾ ಗೊಂಬೆಗಳಲ್ಲಿ ಸಿಪಾಯಿಗಳ ಸಾಲನ್ನು ಮೇಲಕ್ಕೆ ಕಳಿಸಿದರು. ಆ ಸಿಪಾಯಿಗಳ ಕೆಂಪು ಕೋಟು, ಹಳದಿ ಪೇಟದ ಬಣ್ಣ ಉದುರಿತ್ತು. ಹೊಸದಾಗಿ ಬಳಿದುಕೊಡಿ ಎಂದರೇ ಹೊರತು, ಯಾವ ಬಣ್ಣವೆಂದು ಹೇಳಬೇಕೆಂದು ಯಾರಿಗೂ ತೋಚಲಿಲ್ಲ.

ಆರತಿಯ ಸಂಜೆ, ಅತ್ತೆ ಅಡುಗೆಮನೆಯಲ್ಲಿದ್ದಾಗ, ಅವರೇ ಬಂದು ಗೊಂಬೆಗಳನ್ನಿಟ್ಟು ಹೋದರು. ಹೊರಗೆ ರಂಗೋಲಿ ಎಳೆಯುತ್ತಿದ್ದ ನನಗೆ ಕಂಡದ್ದು ಉಬ್ಬಿದ ಜುಬ್ಬಾ ಜೇಬು ಮಾತ್ರ. ಹೆಂಗಸರೆಲ್ಲ ಬಂದು ಕೂತ ಮೇಲೆ ನೋಡಿದರೆ, ಗೊಂಬೆಗಳ ಮೆಟ್ಟಿಲ ಮೇಲೆ ಸಿಪಾಯಿಗಳೇ ಇಲ್ಲ.

ಅತ್ತೆ ಅವರನ್ನು ಕರೆಸಿದರು. 'ಹಳೇ ಗೊಂಬೆಗೆ ಒಳ್ಳೇ ರೇಟಿದ್ಯಂತಲ್ಲ?' ಎಂದರು, ಎಲ್ಲರ ಮುಂದೆ.

ಅವರು ಮಂಡಿಯೂರಿ, ಮೆಟ್ಟಿಲ ಮುಂದೆ ಪಾರ್ಕಿನ ಹಾಗೆ ಬೆಳೆಸಿದ್ದ ರಾಗಿ ಪೈರನ್ನು ಸರಿಸಿದರು. ಮಣ್ಣು ಬಣ್ಣದ ಸಿಪಾಯಿಗಳು ಒಬ್ಬೊಬ್ಬರೇ ಹೊರಬಂದರು.

'ಮೆರವಣಿಗೆ ಸಿಪಾಯಿಗೆ ಮಣ್ಣು ಮೆತ್ತಿದ್ದೀರಲ್ರೀ,' ಎಂದರು ಅತ್ತೆ.

'ಕೆಂಪಗಿದ್ರೆ ಮೊದ್ಲು ಅವನಿಗೇ ಗುಂಡು ಬೀಳೋದಮ್ಮ. ಇವ್ರಾದ್ರೂ ಮನೆಗೆ ವಾಪಸ್ ಬರ್ಲಿ ಅಂತ...'

ನಗಾರಿಯವನು ಮಾತ್ರ ಸಿಗಲಿಲ್ಲ. ಬುಡ ಕೆದಕಿ ನೋಡುತ್ತೇನೆ ಎಂದರು. ವಿಜಯದಶಮಿಗೆ ಮುಂಚೆ ಪೈರು ಕೀಳಬಾರದೆಂದು ಅತ್ತೆ ತಡೆದರು. ಅತ್ತೆಯ ಕಣ್ಣು ಜೇಬಿನ ಮೇಲಿತ್ತು. ಅವರು ಅದರಿಂದ ಕುಂಚದ ಡಬ್ಬಿ ತೆಗೆದು ತೋರಿಸಿ, ಮತ್ತೆ ಒಳಗಿಟ್ಟುಕೊಂಡರು.

ಮಿಕ್ಕವರಿಗೆಲ್ಲ ಕೆಂಪು ಕೋಟು ಬಳಿದುಕೊಟ್ಟರು. ದೀಪಾವಳಿಯೊಳಗೆ ಮನೆ ಬಿಡಿ ಎಂದು ಅತ್ತೆ ಹೇಳಿದಾಗ ಯಾಕೆಂದು ಕೇಳಲಿಲ್ಲ. ಕೇಳದಿದ್ದದ್ದೇ ಬೀದಿಗೆ ಸಾಕ್ಷಿಯಾಯಿತು. ಹಬ್ಬ ಮುಗಿದ ಪೈರನ್ನು ಮಣ್ಣು ಸಮೇತ ಕರಿಬೇವಿನ ಬುಡಕ್ಕೆ ಸುರಿದಾಗ ಯಾರೂ ಬಗ್ಗಿ ನೋಡಿರಲಿಲ್ಲ... ಆಮೇಲಿನ ದಸರಾಗಳಲ್ಲಿ ಅತ್ತೆ ನಗಾರಿಯವನ ಜಾಗ ಖಾಲಿ ಬಿಟ್ಟು, ಬಂದವರಿಗೆಲ್ಲ ಅದನ್ನೇ ತೋರಿಸುತ್ತಿದ್ದರು.

ಈಗ ಅತ್ತೆಯೂ ಇಲ್ಲ. ಅಂದು ಮಹಡಿಯಲ್ಲಿದ್ದವರ ಹಳೆಯ ನಂಬರಿಗೆ ಫೋನ್ ಮಾಡಿದೆ. ಯಾರೋ ಹೆಂಗಸು ಎತ್ತಿ, ರಾಂಗ್ ನಂಬರ್ ಎಂದಳು.

ಈ ಸಲದ ದಸರಾಕ್ಕೆ ನಗಾರಿಯವನನ್ನು ಹಾಗೆಯೇ, ಬಣ್ಣ ಬಳಿಯದೆ, ಆ ಖಾಲಿ ಜಾಗದಲ್ಲಿ ನಿಲ್ಲಿಸಿದೆ. ಕೆಂಪು ಕೋಟುಗಳ ನಡುವೆ ಎಲ್ಲರ ಕಣ್ಣು ಮೊದಲು ಬಿದ್ದದ್ದು ಅವನ ಮೇಲೆಯೇ.

'ಇವ್ನೇನು, ಕಳ್ಳನ ಥರ ನಿಂತವ್ನೆ?' ಎಂದು ಎದುರುಮನೆಯವರು ನಕ್ಕರು.

ಅವರನ್ನು ಕೂರಿಸಿ, ಅವನು ಎಲ್ಲಿ ಸಿಕ್ಕಿದನೆಂದು ಹೇಳಿದೆ. ಅವರು ತಲೆಯೆತ್ತಿ ಮಹಡಿಯ ಕಡೆ ನೋಡಿದರು. ಅಲ್ಲೀಗ ಬೇರೆಯವರಿದ್ದಾರೆ.