ಗೆರೆ ಮುಗಿಯುವ ತನಕ

ಎಪ್ಪತ್ತರ ದಶಕದಲ್ಲಿ ಬಳ್ಳಾರಿಯ ಸರ್ವೆ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೂತು ನಕ್ಷೆ ಬರೆಯುತ್ತಿದ್ದ ಹಿರಿಯರು ಗೆರೆ ಎಳೆಯುವಾಗ ಉಸಿರಾಡುತ್ತಿರಲಿಲ್ಲ. ಪೆನ್ನು ನಕ್ಷೆ ಬರೆಯುವ ತೆಳು ಟ್ರೇಸಿಂಗ್ ಬಟ್ಟೆಗೆ ತಾಗುವ ಮುನ್ನ ಎದೆ ತುಂಬ ಗಾಳಿ ಎಳೆದುಕೊಂಡರೆ, ಹೊಲದ ಎಲ್ಲೆ ಮುಗಿದ ಮೇಲೆಯೇ ಬಿಡುವರು. ನನ್ನ ಗೆರೆ ಅಲುಗಿದರೆ, “ಉಸುರು ಹಿಡಿ ತಮ್ಮಾ, ಗೆರಿ ಮುಗಿಯೋತನ,” ಎನ್ನುವರು.

ಬರಬರುತ್ತಾ ಅವರಿಗೆ ದಮ್ಮು ಹತ್ತಿತು. ಕರೂರೆಂಬ ಹಳ್ಳಿಯ ನಕ್ಷೆ ಬರೆಯುವಾಗ ನಡುವೆ ಕೆಮ್ಮು ಬಂದು, ಕಾಲುವೆಯ ಗೆರೆ ಊರೊಳಗೆ ನುಗ್ಗಿತು. ಬ್ಲೇಡಿನಿಂದ ಶಾಯಿ ಕೆರೆಯಹೋದರು, ಬಟ್ಟೆಯೇ ತೂತಾಯಿತು. ಆ ತೂತಿನ ಮೇಲೆ ಬೆರಳಿಟ್ಟುಕೊಂಡು ಸಂಜೆಯವರೆಗೆ ಕೂತಿದ್ದರು.

“ಊರ ಹೋತಲ್ಲೋ ತಮ್ಮಾ,” ಎಂದರು. ಆಮೇಲೆ ಪೆನ್ನು ಮುಟ್ಟಲಿಲ್ಲ.

ಕೊನೆಯ ಸಲ ಪಾರ್ವತಿನಗರದ ಅವರ ಮನೆಗೆ ಹೋದಾಗ ಕಣ್ಣು ಮುಚ್ಚಿ ಮಲಗಿದ್ದರು. ತೋರುಬೆರಳು ಮಾತ್ರ ಹಾಸಿಗೆಯ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಎದೆ ಉಬ್ಬಿತು, ಹಾಗೇ ನಿಂತಿತು.

“ಅಯ್ಯೋ, ಉಸುರು ನಿಂತೈತಿ ನೋಡ್ರಿ!” ಎಂದು ಅವರ ಹೆಂಡತಿ ಚೀರಿದರು.

“ತಡೀರಿ ಅಕ್ಕಾ, ಗೆರಿ ಎಳಿಯಾಕತ್ತಾರ,” ಎಂದೆ.

ಬೆರಳು ನಿಂತ ಮೇಲೂ, ಅವರು ಉಸಿರು ಬಿಡಲೆಂದು ನಾವಿಬ್ಬರೂ ಕಾಯುತ್ತಲೇ ಇದ್ದೆವು.